ಹೀಟರ್ ಉರಿದಾಗಲೆಲ್ಲ ಕುಸಿದ ಪಿಎಚ್: ಮನೆಯ ಹವಳದ ಟ್ಯಾಂಕ್ ಒಂದರ ಪ್ರಕರಣ

ಡಿಸೆಂಬರ್ ಕೊನೆಯ ವಾರ, ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಹಾಲ್‌ನಲ್ಲಿರುವ, ಹವಳ ಸಾಕುವ ಉಪ್ಪುನೀರಿನ ರೀಫ್ ಟ್ಯಾಂಕ್. ಮೂರು ದಿನಗಳಲ್ಲಿ ಕಂಟ್ರೋಲರ್ (ಸೆನ್ಸರ್‌ಗಳನ್ನು ಓದಿ ಪಂಪ್, ಹೀಟರ್ ನಡೆಸುವ ಯಂತ್ರ) ತೋರಿಸಿದ್ದು ಇಷ್ಟು: ಪಿಎಚ್ ರಾತ್ರಿ ಹೊತ್ತು 7.5ಕ್ಕೆ ಮುಟ್ಟಿ ಬರುತ್ತಿದೆ, ಅದೇ ಹೊತ್ತಿಗೆ ಓಆರ್‌ಪಿ (ನೀರಿನ ಉತ್ಕರ್ಷಣ ಶಕ್ತಿಯ ಅಳತೆ) 30 ಮಿಲಿವೋಲ್ಟ್‌ನಷ್ಟು ಏರುತ್ತಿದೆ, ಲವಣಾಂಶ ಸಾವಿರಕ್ಕೆ 35ರಿಂದ ಜಾರುತ್ತ ಬಂದು 32.8ಕ್ಕೆ ಮುಟ್ಟಿದೆ. ಉಷ್ಣತೆ ಮಾತ್ರ 25.3ರಿಂದ 25.7 ಡಿಗ್ರಿಯೊಳಗೆ ಕದಲದೆ ನಿಂತಿದೆ. ಇದನ್ನೆಲ್ಲ ನಂಬಿದರೆ ನೀರು ಆಮ್ಲದ ಕಡೆಗೆ ವಾಲಿದೆ, ಉಪ್ಪು ಕಡಿಮೆಯಾಗಿದೆ ಎಂದಾಯಿತು.

ಮೂರನೆಯ ರಾತ್ರಿ ಅದೇ ನೀರನ್ನು ಲೋಟದಲ್ಲಿ ತೆಗೆದು ಪಕ್ಕದ ಮೇಜಿನ ಮೇಲಿಟ್ಟು ಅಳೆದಾಗ ಸಿಕ್ಕಿದ್ದು ಬೇರೆಯೇ. ಪಿಎಚ್ 8.46. ಲವಣಾಂಶ 35. ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿಯಾದ ಕ್ಷಾರತೆ, ಅಂದರೆ ಕೆಎಚ್, 10.7 ಡಿಗ್ರಿ (ಇದು ಉಷ್ಣತೆಯ ಡಿಗ್ರಿ ಅಲ್ಲ). ಎರಡು ವಾರದ ಹಿಂದೆ ಅದು 8.1 ಇತ್ತು. ನೀರಿಗೆ ತೊಂದರೆ ಆಗಿದ್ದು ನಿಜ, ಆದರೆ ಸೆನ್ಸರ್ ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ ದಿಕ್ಕಿನಲ್ಲಿ. ಆ ತೊಂದರೆಯನ್ನು ತಂದದ್ದೂ ಸೆನ್ಸರ್ ಮಾತು ಕೇಳಿ ಮಾಡಿದ ಚಿಕಿತ್ಸೆಯೇ.

ಟ್ಯಾಂಕ್‌ನ ವ್ಯವಸ್ಥೆ

ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಮರದ ಕ್ಯಾಬಿನೆಟ್ ಒಳಗೆ ಮೂರು ಖಾನೆಗಳ ಸಂಪ್, ಅಂದರೆ ಟ್ಯಾಂಕ್‌ನ ನೀರು ಸುತ್ತಿ ಬರುವ ಕೆಳಗಿನ ತೊಟ್ಟಿ. ಕಲ್ಲು, ಮರಳು ಕಳೆದರೆ ಒಟ್ಟು ನೀರು ಸುಮಾರು 220 ಲೀಟರ್. ಅಕ್ರೊಪೊರಾ, ಮಾಂಟಿಪೊರಾ, ಯೂಫಿಲಿಯಾ ಹವಳಗಳು, ಒಂದು ಜೋಡಿ ಕ್ಲೌನ್ ಮೀನು. ಸಂಪ್‌ನ ಮೊದಲ ಖಾನೆಯಲ್ಲಿ ಪಿಎಚ್ ಮತ್ತು ಓಆರ್‌ಪಿ ಪ್ರೋಬ್‌ಗಳು, ಉಷ್ಣತೆಯ ಸೆನ್ಸರ್. ನಡುವಿನ ಖಾನೆಯಲ್ಲಿ ಕೊಳೆಯನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಮತ್ತು 200 ವ್ಯಾಟ್‌ನ ಗಾಜಿನ ಹೀಟರ್. ಕೊನೆಯ ಖಾನೆಯಲ್ಲಿ ರಿಟರ್ನ್ ಪಂಪ್, ಲವಣಾಂಶ ಅಳೆಯುವ ಕಂಡಕ್ಟಿವಿಟಿ ಪ್ರೋಬ್, ಆವಿಯಾದ ನೀರನ್ನು ಆರ್‌ಒ ಕ್ಯಾನ್‌ನಿಂದ ತುಂಬಿಕೊಡುವ ಫ್ಲೋಟ್ ಸ್ವಿಚ್, ಸುಣ್ಣದ ತಿಳಿ ಬೀಳುವ ಸಣ್ಣ ನಳಿಕೆ.

ಹವಳಗಳಿಗೆ ಕ್ಯಾಲ್ಸಿಯಂ ಮತ್ತು ಕೆಎಚ್ ಎರಡೂ ಸುಣ್ಣದ ತಿಳಿಯಿಂದಲೇ ಹೋಗುತ್ತಿದ್ದವು. ವೀಳ್ಯದೆಲೆಗೆ ಹಚ್ಚುವ ಸುಣ್ಣವೂ ಇದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಟ್ಯಾಂಕ್‌ಗೆ ಮಾತ್ರ ಆಹಾರ ದರ್ಜೆಯ ಶುದ್ಧ ಪುಡಿ ಬೇಕು. ಲೀಟರ್ ಆರ್‌ಒ ನೀರಿಗೆ 2 ಗ್ರಾಂ ಹಾಕಿ ಕಲಕಿ ಬಿಟ್ಟರೆ ಕರಗುವಷ್ಟು ಕರಗಿ ಉಳಿದದ್ದು ತಳದಲ್ಲಿ ನಿಲ್ಲುತ್ತದೆ. ಮೇಲಿನ ತಿಳಿಯ ಪಿಎಚ್ 12.4ರ ಆಸುಪಾಸು, ಕೆಎಚ್ ಸುಮಾರು 114. ಹಾಗಾಗಿ ಒಂದು ಲೀಟರ್ ತಿಳಿ ಈ ಟ್ಯಾಂಕ್‌ನ ಕೆಎಚ್ಚನ್ನು 0.52ರಷ್ಟು ಏರಿಸುತ್ತದೆ. ಹವಳಗಳು ದಿನಕ್ಕೆ 0.9ರಷ್ಟು ತಿನ್ನುತ್ತಿದ್ದವು, ಅದಕ್ಕೆ ದಿನಕ್ಕೆ 1.7 ಲೀಟರ್ ಸಾಕು.

ಈ ತಿಳಿ ಬಿಡುವ ಪಂಪ್ ಮಾತ್ರ ಟೈಮರ್‌ನ ಕೈಯಲ್ಲಿರಲಿಲ್ಲ, ಪಿಎಚ್ ಪ್ರೋಬ್‌ನ ಕೈಯಲ್ಲಿತ್ತು. ಪಿಎಚ್ 8.05ಕ್ಕಿಂತ ಕೆಳಗಿದ್ದರೆ ನಿಮಿಷಕ್ಕೆ 8 ಮಿಲಿಲೀಟರ್‌ನಂತೆ ಬಿಡು, ಮೇಲಿದ್ದರೆ ನಿಲ್ಲಿಸು. ದೀಪ ಆರಿದ ಮೇಲೆ ಪಿಎಚ್ ನಿಧಾನವಾಗಿ ಇಳಿದು, ಬೆಳಗಿನ ಜಾವ ಮೂರೂವರೆ ಗಂಟೆಯಷ್ಟು ಕಾಲ 8.05ರ ಕೆಳಗೆ ಇರುತ್ತಿತ್ತು. ಲೆಕ್ಕ ಹಾಕಿದರೆ ಸರಿಯಾಗಿ 1.7 ಲೀಟರ್. ತಿಂಗಳುಗಟ್ಟಲೆ ಚೆನ್ನಾಗಿ ನಡೆದಿತ್ತು. ದಿನಕ್ಕೆ ಗರಿಷ್ಠ ಇಷ್ಟೇ ಎಂಬ ಮಿತಿ ಮಾತ್ರ ಹಾಕಿರಲಿಲ್ಲ.

ಮೊದಲ ಊಹೆ ಏಕೆ ಅಷ್ಟು ನಂಬುವಂತಿತ್ತು

ರಾತ್ರಿ ಪಿಎಚ್ ಇಳಿಯುವುದು ಎಲ್ಲ ರೀಫ್ ಟ್ಯಾಂಕ್‌ಗಳಲ್ಲೂ ಇರುವುದೇ. ದೀಪ ಆರಿದಾಗ ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ, ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಉಳಿಯುತ್ತದೆ. ಚಳಿ ಎಂದು ಕಿಟಕಿ ಮುಚ್ಚಿದ ಮನೆಯ ಗಾಳಿಯಲ್ಲೂ ಅದು ಹೆಚ್ಚು. ಪಿಎಚ್ ಇಳಿದಾಗ ಓಆರ್‌ಪಿ ಏರುವುದೂ ಸಹಜ. ಎರಡು ಬೇರೆ ಬೇರೆ ಪ್ರೋಬ್‌ಗಳು ಒಂದೇ ಕಥೆ ಹೇಳುತ್ತಿದ್ದವು, ಆ ಕಥೆ ರಸಾಯನಶಾಸ್ತ್ರಕ್ಕೂ ಹೊಂದುತ್ತಿತ್ತು. ಅನುಮಾನ ಬರಲು ಕಾರಣವೇ ಇರಲಿಲ್ಲ.

ಎರಡನೆಯ ರಾತ್ರಿ ಮನೆಯವರು ಕಿಟಕಿ ತೆರೆದಿಟ್ಟರು. ಮೊಬೈಲ್ ಆ್ಯಪ್‌ನ ಗ್ರಾಫ್‌ನಲ್ಲಿ ಮೊದಲ ರಾತ್ರಿ 7.87 ಇದ್ದದ್ದು ಎರಡನೆಯ ರಾತ್ರಿ 7.72ಕ್ಕೆ ಇಳಿಯಿತು. ಹೊಸ ಗಾಳಿ ಬಂದರೆ ಪಿಎಚ್ ಏರಬೇಕಿತ್ತು. ಇಡೀ ಪ್ರಕರಣದ ಮೊದಲ ಸುಳಿವು ಇದು. ಆದರೆ ಅದನ್ನು ‘ಕಿಟಕಿ ಸಾಲದು’ ಎಂದು ಓದಿಕೊಂಡರು.

ನಡುವೆ ಪಿಎಚ್ ಪ್ರೋಬ್ ಅನ್ನು ಎರಡು ಸಲ ಕ್ಯಾಲಿಬ್ರೇಟ್ ಮಾಡಿದರು. ಎರಡೂ ಸಲ ಬಫರ್‌ನಲ್ಲಿ, ಅಂದರೆ ಪಿಎಚ್ ಮೊದಲೇ ಗೊತ್ತಿರುವ ದ್ರಾವಣದಲ್ಲಿ, ರೀಡಿಂಗ್ ಅಚ್ಚುಕಟ್ಟು, ಮರಳಿ ಟ್ಯಾಂಕ್‌ಗೆ ಇಳಿಸಿದರೆ ಮತ್ತೆ ಕುಸಿತ. ಇದು ಎರಡನೆಯ ಸುಳಿವು. ಬಫರ್‌ನ ಸೀಸೆಯಲ್ಲಿ ಸರಿಯಾಗಿರುವ ಪ್ರೋಬ್ ಟ್ಯಾಂಕ್‌ನಲ್ಲಿ ತಪ್ಪುತ್ತಿದೆಯೆಂದರೆ, ಟ್ಯಾಂಕ್‌ನಲ್ಲಿ ಇದ್ದು ಸೀಸೆಯಲ್ಲಿ ಇಲ್ಲದ್ದು ಏನೋ ಇದೆ. ಹೊಸ ಪ್ರೋಬ್‌ಗೆ ಆರ್ಡರ್ ಕೊಡುವ ಮುನ್ನ ಈ ಪ್ರಶ್ನೆಯ ಮುಂದೆ ಐದು ನಿಮಿಷ ಕೂತರೆ ದುಡ್ಡೂ ಉಳಿಯುತ್ತದೆ, ಹವಳವೂ ಉಳಿಯುತ್ತದೆ.

ಮೂರನೆಯ ಸುಳಿವು ಯಾವ ಗ್ರಾಫ್‌ನಲ್ಲೂ ಇರಲಿಲ್ಲ. ಮನೆಗೆಲಸಕ್ಕೆ ಬರುವ ಹೆಂಗಸು ಕ್ಯಾಬಿನೆಟ್ ಒರೆಸುವಾಗ ಸಂಪ್‌ನ ಒದ್ದೆ ಅಂಚಿಗೆ ಕೈ ತಾಗಿಸಿ, “ನೀರು ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಅಕ್ಕಾ” ಎಂದಿದ್ದರು. ಬರಿಗಾಲು, ಒದ್ದೆ ನೆಲ. ಚಳಿಗೆ ಹಾಗಾಗುತ್ತದೆ ಎಂದು ಆ ಮಾತು ಅಲ್ಲಿಗೇ ಬಿಟ್ಟುಹೋಯಿತು. ಈ ಪ್ರಕರಣದಲ್ಲಿ ಅತ್ಯಂತ ನಿಖರವಾದ ರೀಡಿಂಗ್ ಕೊಟ್ಟವರು ಅವರೇ. ಟ್ಯಾಂಕ್ ನೀರು ಮುಟ್ಟಿ ಜುಮ್ ಎಂದಿತೆಂದು ಯಾರೇ ಹೇಳಲಿ, ಆ ಕ್ಷಣವೇ ಎಲ್ಲ ಪ್ಲಗ್ ಕೀಳಬೇಕು. ಉಳಿದ ವಿಚಾರ ಆಮೇಲೆ.

ಗಂಟೆಯ ಸರಾಸರಿ ಮುಚ್ಚಿಟ್ಟದ್ದು

ಆ್ಯಪ್‌ನ ಗ್ರಾಫ್ ಗಂಟೆಗೊಂದು ಸರಾಸರಿ ಬಿಂದು ಇಡುತ್ತಿತ್ತು. ಹಾಗಾಗಿ ರೇಖೆ ಇಳಿಜಾರಿನಂತೆ ನಯವಾಗಿ ಕಾಣುತ್ತಿತ್ತು. ಕಂಟ್ರೋಲರ್‌ನ ಒಳಗಿನ ನಿಮಿಷ ನಿಮಿಷದ ದಾಖಲೆ ತೆರೆದಾಗ ಇಳಿಜಾರು ಮಾಯವಾಗಿ ಮೆಟ್ಟಿಲು ಕಂಡಿತು. ಮೂರನೆಯ ರಾತ್ರಿಯ ಒಂದು ತುಣುಕು: 11:42ಕ್ಕೆ 8.41. 11:43ಕ್ಕೆ 7.87. ಅಲ್ಲಿಂದ ಹದಿನೈದು ನಿಮಿಷ 7.86ರಿಂದ 7.88. 11:58ಕ್ಕೆ ಮತ್ತೆ 8.41. ಹೀಟರ್‌ನ ಔಟ್‌ಲೆಟ್ ದಾಖಲೆ ಪಕ್ಕದಲ್ಲಿಟ್ಟರೆ 11:43ಕ್ಕೆ ಆನ್, 11:58ಕ್ಕೆ ಆಫ್. ಇಡೀ ರಾತ್ರಿ ಹೀಗೆಯೇ, ಒಂದು ಸಲವೂ ತಪ್ಪದೆ.

ನೀರು ಹೀಗೆ ವರ್ತಿಸಲಾರದು. ಕೆಎಚ್ ಬದಲಾಗದೆ ಪಿಎಚ್ 0.54 ಇಳಿಯಬೇಕಾದರೆ ಕರಗಿದ ಇಂಗಾಲದ ಡೈಆಕ್ಸೈಡ್ ಮೂರೂವರೆ ಪಟ್ಟಿಗೂ ಹೆಚ್ಚಾಗಬೇಕು. 220 ಲೀಟರ್ ನೀರಿನಲ್ಲಿ ಅದು ಒಂದೇ ನಿಮಿಷದಲ್ಲಿ ಆಗಿ, ಕಾಲು ಗಂಟೆಯ ನಂತರ ಒಂದೇ ನಿಮಿಷದಲ್ಲಿ ಅಳಿಸಿಹೋಗುವುದು ಸಾಧ್ಯವಿಲ್ಲ. ರಸಾಯನ ಬದಲಾವಣೆಗೆ ಬಾಲ ಇರುತ್ತದೆ, ರೇಖೆ ಬಾಗುತ್ತದೆ. ನೇರ ಗೋಡೆಯಂತೆ ಬಿದ್ದು ನೇರ ಗೋಡೆಯಂತೆ ಎದ್ದರೆ ಅದು ಸ್ವಿಚ್ಚಿನ ಕೆಲಸ.

ಕಿಟಕಿಯ ಒಗಟೂ ಇಲ್ಲಿ ಬಿಡಿಸಿತು. ಕಿಟಕಿ ತೆರೆದದ್ದಕ್ಕೆ ಕೋಣೆ ತಣ್ಣಗಾಯಿತು, ಹೀಟರ್ ಹೆಚ್ಚು ಹೊತ್ತು ಉರಿಯಿತು, ಗಂಟೆಯ ಸರಾಸರಿ ಇನ್ನಷ್ಟು ಇಳಿಯಿತು. ಹೀಟರ್ ಉರಿದದ್ದು ಮೊದಲ ದಿನ ಸುಮಾರು 5 ಗಂಟೆ, ಎರಡನೆಯ ದಿನ 7, ಮೂರನೆಯ ದಿನ 9. ಒಟ್ಟು 21 ಗಂಟೆ. ಹೀಟರ್ ಉರಿದಾಗಲೆಲ್ಲ ಪಿಎಚ್ 8.05ಕ್ಕಿಂತ ಕೆಳಗೆ ಕಂಡಿದೆ, ಸುಣ್ಣದ ಪಂಪ್ ಓಡಿದೆ. ನಿಮಿಷಕ್ಕೆ 8 ಮಿಲಿಲೀಟರ್‌ನಂತೆ 21 ಗಂಟೆಗೆ 10 ಲೀಟರ್. ಬೇಕಿದ್ದದ್ದು 5. ಹೆಚ್ಚಾದ 5 ಲೀಟರ್ ತಂದದ್ದು 2.6 ಕೆಎಚ್. 8.1ಕ್ಕೆ ಕೂಡಿಸಿದರೆ 10.7. ಟೆಸ್ಟ್ ಕಿಟ್‌ನ ಅಂಕಿಯೂ ಅದೇ.

ಕಣ್ಣಿಗೆ ಕಾಣುವ ಸಾಕ್ಷಿಯೂ ಇತ್ತು. ಸಾಮಾನ್ಯವಾಗಿ ಮೂರು ದಿನಕ್ಕೆ ಐದು ಲೀಟರ್‌ನಷ್ಟು ಇಳಿಯುವ ಆರ್‌ಒ ಕ್ಯಾನ್ ತುಂಬಿದಂತೆಯೇ ನಿಂತಿತ್ತು. ಆವಿಯಾದ ಜಾಗವನ್ನೆಲ್ಲ ಸುಣ್ಣದ ತಿಳಿಯೇ ತುಂಬಿತ್ತು, ಫ್ಲೋಟ್ ಸ್ವಿಚ್‌ಗೆ ಕೆಲಸವೇ ಬಂದಿರಲಿಲ್ಲ. ತಿಳಿಯ ಬಕೆಟ್ ತಳ ಕಾಣುತ್ತಿತ್ತು.

ಲೋಟದ ಪರೀಕ್ಷೆ

ಎರಡೇ ನಿಮಿಷದ್ದು, ಖರ್ಚಿಲ್ಲದ್ದು, ಪ್ರತಿ ಸಂಶಯಕ್ಕೂ ಮೊದಲು ಮಾಡಬೇಕಾದ್ದು. ಗಾಜಿನ ಅಥವಾ ಪ್ಲಾಸ್ಟಿಕ್ ಲೋಟದಲ್ಲಿ 300 ಮಿಲಿಲೀಟರ್ ಟ್ಯಾಂಕ್ ನೀರು. ಲೋಟವನ್ನು ಟ್ಯಾಂಕ್‌ಗೆ, ಕ್ಯಾಬಿನೆಟ್‌ನ ಒದ್ದೆ ಭಾಗಕ್ಕೆ ತಾಗದಂತೆ ಒಣ ಮರದ ಮೇಜಿನ ಮೇಲಿಡಿ. ಪ್ರೋಬ್ ಎತ್ತಿ ಲೋಟಕ್ಕೆ ಹಾಕಿ, ನಿಧಾನವಾಗಿ ಅಲ್ಲಾಡಿಸಿ, ಒಂದೆರಡು ನಿಮಿಷದಲ್ಲಿ ಓದಿ. ತಡಮಾಡಿದರೆ ಕೋಣೆಯ ಗಾಳಿ ಸೇರಿ ಪಿಎಚ್ ನಿಜವಾಗಿಯೇ ಬದಲಾಗುತ್ತದೆ.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ: ಪಿಎಚ್ ಪ್ರೋಬ್ ಮಾತ್ರ ಎತ್ತಿ, ಓಆರ್‌ಪಿ ಪ್ರೋಬ್ ಅನ್ನು ಟ್ಯಾಂಕ್‌ನಲ್ಲೇ ಬಿಡುತ್ತಾರೆ. ಒಂದೇ ಕಂಟ್ರೋಲರ್‌ಗೆ ಸೇರಿದ ಪ್ರೋಬ್‌ಗಳ ರೆಫರೆನ್ಸ್ (ವೋಲ್ಟೇಜ್ ಹೋಲಿಸಿ ನೋಡುವ ತುದಿ) ಒಳಗೆ ಒಂದಕ್ಕೊಂದು ಜೋಡಿಸಿರಬಹುದು. ಆಗ ಟ್ಯಾಂಕ್‌ನ ವಿದ್ಯುತ್ ಓಆರ್‌ಪಿ ತಂತಿಯ ಮೂಲಕವೇ ಒಳಗೆ ಬಂದು ಲೋಟದ ರೀಡಿಂಗ್ ಅನ್ನೂ ಕೆಡಿಸುತ್ತದೆ. ಎರಡನ್ನೂ ಎತ್ತಿ ಒಂದೇ ಲೋಟಕ್ಕೆ ಹಾಕಬೇಕು.

ಈ ಪ್ರಕರಣದಲ್ಲಿ ಲೋಟದಲ್ಲಿ, ಹೀಟರ್ ಉರಿಯುತ್ತಿದ್ದಾಗಲೇ, ಪಿಎಚ್ 8.46, ಓಆರ್‌ಪಿ 338. ಟ್ಯಾಂಕ್‌ನಲ್ಲಿ ಹೀಟರ್ ಉರಿಯುವಾಗ 7.91 ಮತ್ತು 371. ಟ್ಯಾಂಕ್‌ನಲ್ಲೇ ಹೀಟರ್‌ನ ಪ್ಲಗ್ ಕಿತ್ತಾಗ 8.45 ಮತ್ತು 339. ಪಿಎಚ್ ಪ್ರೋಬ್ ಕೊಡುವುದು ಮೂಲತಃ ವೋಲ್ಟೇಜ್: 25 ಡಿಗ್ರಿಯಲ್ಲಿ ಪ್ರತಿ ಪಿಎಚ್‌ಗೆ 59 ಮಿಲಿವೋಲ್ಟ್. 0.54 ಎಂದರೆ 32 ಮಿಲಿವೋಲ್ಟ್. ಓಆರ್‌ಪಿ ಏರಿದ್ದೂ 32. ಎರಡು ಪ್ರೋಬ್‌ಗಳು ಒಪ್ಪಿದ್ದು ನೀರಿನ ವಿಷಯದಲ್ಲಲ್ಲ. ಒಂದೇ ಕಳ್ಳ ವೋಲ್ಟೇಜ್ ಎರಡರ ಮೇಲೂ ಕೂತಿತ್ತು.

ಪಿಎಚ್ ಪ್ರೋಬ್ ಇದಕ್ಕೆ ಇಷ್ಟು ಬೇಗ ಬಲಿಯಾಗುವುದೇಕೆ? ಅದರ ಗಾಜಿನ ಬುರುಡೆಯ ರೋಧ ಹತ್ತಾರು, ಕೆಲವೊಮ್ಮೆ ನೂರಾರು ಮೆಗಾಓಮ್. ಅಷ್ಟು ದುರ್ಬಲ ಸಂಕೇತವನ್ನು ಓದುವ ಆಂಪ್ಲಿಫೈಯರ್ ಪಕ್ಕದಲ್ಲಿ 50 ಹರ್ಟ್ಸ್ ವಿದ್ಯುತ್ ಸುಳಿದರೆ ಅದರ ಒಂದಂಶ ನೇರ ವೋಲ್ಟೇಜ್ ಆಗಿ ಮಾರ್ಪಟ್ಟು ರೀಡಿಂಗ್‌ಗೆ ಸೇರುತ್ತದೆ. ರೀಡಿಂಗ್ ಏರುವುದೋ ಇಳಿಯುವುದೋ ಎಂಬುದು ಆಯಾ ಮೀಟರ್‌ನ ಸರ್ಕ್ಯೂಟ್ ಮೇಲಿದೆ. ಇನ್ನೊಂದು ಕಂಟ್ರೋಲರ್ ಇದೇ ದೋಷಕ್ಕೆ 9 ತೋರಿಸಬಹುದಿತ್ತು. ಉಷ್ಣತೆಯ ಸೆನ್ಸರ್ ಪ್ಲಾಸ್ಟಿಕ್ ಕವಚದೊಳಗೆ ಇರುತ್ತದೆ, ನೀರನ್ನು ಮುಟ್ಟುವುದಿಲ್ಲ; ಅದಕ್ಕೇ ಅದು ಅಲುಗಾಡಲಿಲ್ಲ.

ಪ್ರೋಬ್‌ನ ಆರೋಗ್ಯವನ್ನು ಮಿಲಿವೋಲ್ಟ್‌ನಲ್ಲೇ ನೋಡಿದ್ದಾಯಿತು. ಪಿಎಚ್ 7 ಬಫರ್‌ನಲ್ಲಿ +6, ಪಿಎಚ್ 10.01 ಬಫರ್‌ನಲ್ಲಿ −166. ಅಂತರ 172, ಆದರ್ಶ 178. ಅಂದರೆ ಶೇ 97ರ ಸಾಮರ್ಥ್ಯ, ಒಳ್ಳೆಯ ಪ್ರೋಬ್. ಇದು ಶೇ 85ಕ್ಕಿಂತ ಕೆಳಗಿಳಿದರೆ ಬದಲಿಸಬೇಕು. 10ರ ಬಫರ್ ಗಾಳಿಯಿಂದ ಡೈಆಕ್ಸೈಡ್ ಹೀರಿ ಕೆಡುತ್ತದೆ, ಬಳಸಿದ್ದನ್ನು ಬಾಟಲಿಗೆ ಮರಳಿ ಸುರಿಯಬೇಡಿ. ಬಫರ್ ಸಿಗದ ಊರಿನಲ್ಲಿ ಶುದ್ಧ ಬಿಳಿಗಾರ 3.8 ಗ್ರಾಂ ಅನ್ನು ಒಂದು ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿದರೆ 25 ಡಿಗ್ರಿಯಲ್ಲಿ 9.18 ತೋರಿಸಬೇಕು. ತಾಳೆ ನೋಡಲು ಇದು ಧಾರಾಳ ಸಾಕು.

ನೀರಿನಲ್ಲಿ ವಿದ್ಯುತ್: ನಿಜವಾದದ್ದೂ ನೆರಳೂ

ಮಲ್ಟಿಮೀಟರ್‌ನ ಒಂದು ಕಡ್ಡಿ ನೀರಿಗೆ, ಇನ್ನೊಂದು ಅರ್ಥ್‌ಗೆ. ಸಾಕೆಟ್‌ನ ತೂತಿಗೆ ಕಡ್ಡಿ ತುರುಕುವುದು ಅಪಾಯ. ಎಲೆಕ್ಟ್ರಿಷಿಯನ್ ಕೈಯಿಂದ ಮೂರು ಪಿನ್‌ನ ಪ್ಲಗ್ ಒಂದಕ್ಕೆ ಅರ್ಥ್ ಪಿನ್ನಿಗೆ ಮಾತ್ರ ಹಸಿರು ವೈರ್ ಹಾಕಿಸಿಟ್ಟುಕೊಂಡರೆ ಈ ಕೆಲಸಕ್ಕೆ ಎಂದೆಂದಿಗೂ ಆಗುತ್ತದೆ. ಮೀಟರ್ ಎಸಿ ವೋಲ್ಟ್ 600ರ ಮೇಲಿನ ರೇಂಜ್‌ನಲ್ಲಿರಲಿ, ಕಾಲಿಗೆ ಒಣ ರಬ್ಬರ್ ಚಪ್ಪಲಿ ಇರಲಿ, ಬೆರಳು ನೀರಿಗೆ ತಾಗದಿರಲಿ.

ಎಲ್ಲವೂ ಓಡುವಾಗ 158 ವೋಲ್ಟ್. ಹೀಟರ್ ಪ್ಲಗ್ ಕಿತ್ತರೆ 22 ವೋಲ್ಟ್. ಈ 22ಕ್ಕೆ ಹೆದರಬೇಕಿಲ್ಲ. ಅರ್ಥ್ ಸಂಪರ್ಕವಿಲ್ಲದ ಯಾವ ಟ್ಯಾಂಕ್‌ನಲ್ಲೂ ಪಂಪ್‌ಗಳ ಸುರುಳಿಯಿಂದ ಇಂಥ ತೇಲು ವೋಲ್ಟೇಜ್ ಬಂದು ಕೂರುತ್ತದೆ, ಅದಕ್ಕೆ ಕಸುವಿಲ್ಲ. ಕಸುವಿದೆಯೋ ಇಲ್ಲವೋ ತಿಳಿಯಲು ಮೀಟರ್‌ನ ಎರಡು ಕಡ್ಡಿಗಳ ನಡುವೆ 100 ಕಿಲೋಓಮ್, 1 ವ್ಯಾಟ್‌ನ ರೆಸಿಸ್ಟರ್ ಜೋಡಿಸಿ ಮತ್ತೆ ಅಳೆಯಬೇಕು. ಹೀಟರ್ ಇಲ್ಲದಾಗಿನ 22 ವೋಲ್ಟ್ 0.3ಕ್ಕೆ ಕುಸಿಯಿತು: ಬರೀ ನೆರಳು. ಹೀಟರ್ ಉರಿಯುವಾಗಿನ 158 ವೋಲ್ಟ್ 47ರಲ್ಲಿ ಗಟ್ಟಿಯಾಗಿ ನಿಂತಿತು: ನಿಜವಾದ ಸೋರಿಕೆ, ಸುಮಾರು ಅರ್ಧ ಮಿಲಿಆಂಪಿಯರ್.

ಈ ಅರ್ಧ ಮಿಲಿಆಂಪಿಯರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮನೆಯ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳಲಿಲ್ಲ, ಹಾಗಾಗಿ ಸೋರಿಕೆ ಇಲ್ಲ ಎಂದು ಮನೆಯವರು ನಂಬಿದ್ದರು. ಆರ್‌ಸಿಸಿಬಿ ಬೀಳಲು ಎರಡು ಬೇಕು: ವಿದ್ಯುತ್ ಭೂಮಿಗೆ ಹರಿಯುವ ದಾರಿ, ಮತ್ತು 30 ಮಿಲಿಆಂಪಿಯರ್‌ಗೆ ಹತ್ತಿರದ ಪ್ರಮಾಣ. ಗಾಜಿನ ಟ್ಯಾಂಕ್, ಮರದ ಸ್ಟ್ಯಾಂಡ್, ಎರಡೇ ಪಿನ್‌ನ ಹೀಟರ್. ದಾರಿಯೇ ಇರಲಿಲ್ಲ. ಬರಿಗಾಲಲ್ಲಿ ನಿಂತು ನೀರು ಮುಟ್ಟಿದ ಆ ಹೆಂಗಸೇ ಮೊದಲ ದಾರಿಯಾದದ್ದು. ಸೋರಿಕೆ ಆ ದಿನ ಅರ್ಧ ಮಿಲಿಆಂಪಿಯರ್ ಇದ್ದದ್ದು ಪುಣ್ಯ. ಸೀಲ್ ಇನ್ನಷ್ಟು ಕೆಟ್ಟರೆ ಅದು ಅಷ್ಟಕ್ಕೇ ನಿಲ್ಲುವುದಿಲ್ಲ.

ಹೀಟರ್ ತೆಗೆದು ನೋಡಿದಾಗ, ಪ್ಲಗ್ ಕಿತ್ತು ಇಪ್ಪತ್ತು ನಿಮಿಷ ತಣಿಯಲು ಬಿಟ್ಟ ಮೇಲೆ, ಗಾಜಿನ ಕೊಳವೆ ಒಡೆದಿರಲಿಲ್ಲ. ಆದರೆ ರಬ್ಬರ್ ಮುಚ್ಚಳದ ಕೆಳಗೆ, ಒಳಮೈಯಲ್ಲಿ, ಸಾಸಿವೆ ಕಾಳಿನಷ್ಟು ನೀರ ಹನಿಗಳು. ವೈರ್ ಸೇರುವ ಕಡೆ ತಾಮ್ರದ ಹಸಿರು ಕಿಲುಬು. ಮುಚ್ಚಳದ ಅಂಚಿಗೆ ಕಂದು ಬಣ್ಣದ ಉಪ್ಪಿನ ಗೆರೆ. ಕಾದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ತಣಿದಾಗ ಒಳಗೆ ಎಳೆದುಕೊಳ್ಳುತ್ತದೆ. ರಬ್ಬರ್ ಹಳತಾಗಿ ಬಿಗಿ ತಪ್ಪಿದರೆ ಪ್ರತಿ ಸಲ ತಣಿಯುವಾಗಲೂ ಒಂದಿಷ್ಟು ಉಪ್ಪುನೀರು ಒಳಗೆ. ಎಲೆಕ್ಟ್ರಿಷಿಯನ್ 500 ವೋಲ್ಟ್‌ನ ಮೆಗ್ಗರ್ (ವಿದ್ಯುತ್ ಸೋರದಂತೆ ತಡೆ ಎಷ್ಟಿದೆ ಎಂದು ಅಳೆಯುವ ಸಾಧನ) ಹಿಡಿದಾಗ ನಿರೋಧ 0.2 ಮೆಗಾಓಮ್ ತೋರಿತು. ಇಂಥ ಹೀಟರ್ ಅನ್ನು ಒಣಗಿಸಿ, ಅಂಟು ಹಚ್ಚಿ ಮತ್ತೆ ಬಳಸುವ ಮಾತೇ ಇಲ್ಲ. ವೈರ್ ಕತ್ತರಿಸಿ ಎಸೆಯಬೇಕು, ಇನ್ನಾರೂ ಎತ್ತಿಕೊಂಡು ಹಾಕಿಕೊಳ್ಳದಿರಲಿ.

ಹುಡುಕುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಬೋರ್ಡ್‌ನ ವೈರಿಂಗ್ ಅದಲುಬದಲಾಗಿದ್ದರೆ ಸ್ವಿಚ್ ಕಡಿಯುವುದು ನ್ಯೂಟ್ರಲ್ ತಂತಿಯನ್ನು. ಫೇಸ್ ನೀರಿನಲ್ಲಿ ಹಾಗೇ ಇರುತ್ತದೆ.

ಲವಣಾಂಶದ್ದು ಬೇರೆ ಕಥೆ

32.8ರ ರೀಡಿಂಗ್ ಹೀಟರ್ ಆನ್ ಆಫ್‌ಗೆ ಸ್ಪಂದಿಸಲಿಲ್ಲ. ಅದರ ರೇಖೆಯಲ್ಲಿ ಮೆಟ್ಟಿಲಿರಲಿಲ್ಲ. ಮೂರು ವಾರಗಳಿಂದ ಸಣ್ಣಗೆ ಜಾರುತ್ತಿದ್ದು, ಕೊನೆಯ ಮೂರು ದಿನ ಇಳಿಜಾರು ಕಡಿದಾಗಿತ್ತು. ನೀರಿಗೆ ಸಿಹಿನೀರು ಹೆಚ್ಚು ಸೇರಿದ್ದರೆ ಸಂಪ್‌ನ ಮಟ್ಟ ಏರಬೇಕಿತ್ತು, ಏರಿರಲಿಲ್ಲ. ಉಪ್ಪು ತೂಗಿ ಸುರಿಯಲು ತಯಾರಾಗಿದ್ದರು, ಲೋಟದ ಪರೀಕ್ಷೆಯ ಫಲ ಕಂಡು ಕೈ ತಡೆದರು.

ಇಲ್ಲಿ ಪಂಚನಾದದ್ದು ರಿಫ್ರ್ಯಾಕ್ಟೋಮೀಟರ್, ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಸಾಧನ. ಅದನ್ನು ಬರೀ ಆರ್‌ಒ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಸೊನ್ನೆಯಲ್ಲಿ ಮಾತ್ರ ಸರಿ, 35ರ ಬಳಿ ತಪ್ಪಬಹುದು. ಒಣಗಿದ ಪುಡಿ ಉಪ್ಪು 36.5 ಗ್ರಾಂ, ಆರ್‌ಒ ನೀರು 963.5 ಗ್ರಾಂ, ಎರಡನ್ನೂ ತಕ್ಕಡಿಯಲ್ಲೇ ತೂಗಿ ಕರಗಿಸಿದರೆ ಅದರ ವಕ್ರೀಭವನ 35ರ ಸಮುದ್ರದ ನೀರಿನದ್ದೇ. ಅದಕ್ಕೆ 35 ಎಂದು ಹೊಂದಿಸಿ ನೋಡಬೇಕು. ಕಲ್ಲುಪ್ಪು ಬೇಡ, ತೇವ ಹಿಡಿದಿರುತ್ತದೆ. ಈ ಮಿಶ್ರಣ ರಿಫ್ರ್ಯಾಕ್ಟೋಮೀಟರ್‌ಗೆ ಮಾತ್ರ. ಕಂಡಕ್ಟಿವಿಟಿ ಪ್ರೋಬ್‌ಗೆ ಬಳಸಬಾರದು, ಅದಕ್ಕೆ 53 ಮಿಲಿಸೀಮೆನ್ಸ್‌ನ ದ್ರಾವಣವೇ ಬೇಕು. ಹೀಗೆ ಹೊಂದಿಸಿದ ರಿಫ್ರ್ಯಾಕ್ಟೋಮೀಟರ್ ಟ್ಯಾಂಕ್ ನೀರಿಗೆ 35 ಎಂದಿತು.

ಪ್ರೋಬ್ ಎತ್ತಿ ಬೆಳಕಿಗೆ ಹಿಡಿದಾಗ ಅದರ ತೂತಿನ ಒಳಗೋಡೆಗೆ ಬಿಳಿ ಹೊಟ್ಟು ಹಿಡಿದಿತ್ತು, ಹಾಲಿನ ಪಾತ್ರೆಯ ತಳದಲ್ಲಿ ಹಿಡಿಯುವ ಹಾಗೆ. ಸುಣ್ಣದ ನಳಿಕೆ ಅದರಿಂದ ನಾಲ್ಕು ಬೆರಳು ದೂರದಲ್ಲಿ ತೊಟ್ಟಿಕ್ಕುತ್ತಿತ್ತು. ಪಿಎಚ್ 12ರ ತಿಳಿ ಸಮುದ್ರದ ನೀರಿಗೆ ಬಿದ್ದ ಜಾಗದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್, ಮೆಗ್ನೀಸಿಯಂ ಹೈಡ್ರಾಕ್ಸೈಡ್ ಗರಣೆಗಟ್ಟುತ್ತವೆ. ಎಲೆಕ್ಟ್ರೋಡ್ ಮುಚ್ಚಿದಷ್ಟೂ ವಾಹಕತೆ ಕಡಿಮೆ ಕಾಣುತ್ತದೆ, ಲವಣಾಂಶ ಇಳಿದಂತೆ ತೋರುತ್ತದೆ. ತಿಳಿ ಎರಡು ಪಟ್ಟು ಬಿದ್ದ ಮೂರು ದಿನ ಹೊಟ್ಟೂ ಬೇಗ ಬೆಳೆಯಿತು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅದರಲ್ಲಿ ಪ್ರೋಬ್ ಅದ್ದಿದ ಕೂಡಲೇ ಸಣ್ಣ ಗುಳ್ಳೆಗಳು ಬುಸುಗುಟ್ಟಿದವು. ಹದಿನೈದು ನಿಮಿಷ ಬಿಟ್ಟು, ಮೃದು ಬ್ರಷ್‌ನಿಂದ ತಿಕ್ಕಿ, ಆರ್‌ಒ ನೀರಿನಲ್ಲಿ ತೊಳೆದು ಇಳಿಸಿದಾಗ 34.9. ನಿಂಬೆ ಉಪ್ಪಿನ ದ್ರಾವಣವೂ ಆಗುತ್ತದೆ. ಪ್ರೋಬ್ ಇಳಿಸುವಾಗ ಓರೆಯಾಗಿ ಅದ್ದಿ ಕೊಡವಿ: ತೂತಿನೊಳಗೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೂ ರೀಡಿಂಗ್ ಇದೇ ರೀತಿ ಇಳಿಯುತ್ತದೆ.

ಸರಿಪಡಿಸಿದ ಕ್ರಮ

ಹೀಟರ್ ಹೊರಗೆ, ಸುಣ್ಣದ ಪಂಪ್ ಬಂದ್. 10.7ರ ಕೆಎಚ್ ಇಳಿಸಲು ಏನನ್ನೂ ಸುರಿಯಲಿಲ್ಲ. ಆಮ್ಲ ಹಾಕಿ ಇಳಿಸುವುದು ಇನ್ನೊಂದು ಆಘಾತ. ಅಕ್ರೊಪೊರಾದ ಎರಡು ಕೊಂಬೆಗಳ ತುದಿ ಆಗಲೇ ಬಿಳಿಚಿತ್ತು. ಹವಳಗಳೇ ದಿನಕ್ಕೆ 0.8–0.9 ತಿನ್ನುತ್ತಾ ಮೂರನೆಯ ದಿನದ ಸಂಜೆಗೆ 8.3ಕ್ಕೆ ತಂದವು. ಆ ದಿನಗಳಲ್ಲಿ ಆರ್‌ಒ ಕ್ಯಾನ್ ಮಾತ್ರ ಓಡಿತು. ದಿನಕ್ಕೊಮ್ಮೆ ಅದೇ ಹೊತ್ತಿಗೆ ಕೆಎಚ್ ಟೆಸ್ಟ್, ಅಷ್ಟೆ.

ಹೊಸ ಹೀಟರ್ ಟೈಟಾನಿಯಂ ಕೊಳವೆಯದ್ದು, ಮೂರು ಪಿನ್‌ನದ್ದು. ಅದರ ಲೋಹದ ಮೈ ಅರ್ಥ್‌ಗೆ ಸೇರಿರುವುದರಿಂದ ಸೋರಿದರೆ ವಿದ್ಯುತ್‌ಗೆ ದಾರಿ ಇದೆ. ಆದರೆ ಎಕ್ಸ್‌ಟೆನ್ಷನ್ ಬೋರ್ಡ್ ಬಿಚ್ಚಿ ನೋಡಿದರೆ ಒಳಗೆ ಅರ್ಥ್ ತಂತಿಯೇ ಇರಲಿಲ್ಲ, ಮೂರನೆಯ ತೂತು ಖಾಲಿ. ಅದನ್ನೂ ಬದಲಿಸಬೇಕಾಯಿತು. ಸರಿಯಾದ ಸಾಕೆಟ್‌ನಲ್ಲಿ ಫೇಸ್ ಮತ್ತು ಅರ್ಥ್ ನಡುವೆ 230ರ ಹತ್ತಿರ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಕಡಿಮೆ ಇರಬೇಕು.

ನೀರನ್ನು ಅರ್ಥ್‌ಗೆ ಸೇರಿಸುವ ಟೈಟಾನಿಯಂ ಗ್ರೌಂಡಿಂಗ್ ಕಡ್ಡಿಯೊಂದನ್ನೂ ಸಂಪ್‌ಗೆ ಇಳಿಸಿದರು. ಇದರ ಬಗ್ಗೆ ಎಚ್ಚರಿಕೆ ಬೇಕು. ದೋಷ ಹುಡುಕುವ ಮೊದಲೇ ಈ ಕಡ್ಡಿ ಹಾಕಿದ್ದರೆ ಪಿಎಚ್ ಗ್ರಾಫ್ ತಕ್ಷಣ ನೆಟ್ಟಗಾಗಿಬಿಡುತ್ತಿತ್ತು, ಸೋರಿಕೆ ಮಾತ್ರ ಯಾರಿಗೂ ಕಾಣದೆ ನೀರಿನ ಮೂಲಕ ಹರಿಯುತ್ತಲೇ ಇರುತ್ತಿತ್ತು. ಮೊದಲು ದೋಷ, ಆಮೇಲೆ ಕಡ್ಡಿ. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಕಡ್ಡಿಯೇ ಬೇಡ. ಸ್ಟೀಲ್ ಚಮಚ, ತಾಮ್ರದ ತಂತಿ ಇಂಥವನ್ನು ಕಡ್ಡಿಯಾಗಿ ಬಳಸಿದರೆ ಲೋಹ ಕರಗಿ ನೀರು ವಿಷವಾಗುತ್ತದೆ. ಕಡ್ಡಿ ಹಾಕಿದ ಮೇಲೆ ಲೋಟದ ಪರೀಕ್ಷೆ ಮತ್ತೆ ಮಾಡಬೇಕು: ಕಂಟ್ರೋಲರ್‌ನ ಅಡಾಪ್ಟರ್ ಕೂಡ ಅರ್ಥ್‌ಗೆ ಸೇರಿದ್ದರೆ ಹೊಸ ಸುತ್ತುದಾರಿ ಹುಟ್ಟಿ ರೀಡಿಂಗ್ ಇನ್ನೊಂದು ಕಡೆಗೆ ಸರಿಯಬಹುದು. ಇಲ್ಲಿ ಲೋಟಕ್ಕೂ ಟ್ಯಾಂಕ್‌ಗೂ ವ್ಯತ್ಯಾಸ 0.02, ಲೆಕ್ಕಕ್ಕಿಲ್ಲ.

ಸುಣ್ಣದ ನಳಿಕೆಯನ್ನು ಸ್ಕಿಮ್ಮರ್ ಖಾನೆಗೆ, ನೀರು ರಭಸವಾಗಿ ಹರಿಯುವ ಕಡೆಗೆ ಸರಿಸಿದರು. ಪಂಪ್ ಈಗ ಟೈಮರ್ ಮೇಲೆ: ರಾತ್ರಿ ಎಂಟು ಗಂಟೆಗಳಲ್ಲಿ ಹಂಚಿ 1.7 ಲೀಟರ್, ಅದರ ಮೇಲೆ ಒಂದು ಹನಿಯೂ ಇಲ್ಲ. ಪಿಎಚ್‌ಗೆ ಉಳಿದಿರುವುದು ನಿಲ್ಲಿಸುವ ಅಧಿಕಾರ ಮಾತ್ರ: 8.45 ದಾಟಿದರೆ ಪಂಪ್ ಬಂದ್. ಪ್ರೋಬ್ ಎಷ್ಟೇ ಕಡಿಮೆ ತೋರಿಸಿದರೂ ಹೆಚ್ಚು ಸುಣ್ಣ ಬೀಳುವುದಿಲ್ಲ. ಯಾವ ಸೆನ್ಸರ್‌ಗೂ ನೀರಿಗೆ ಏನನ್ನಾದರೂ ಸುರಿಸುವ ಹಕ್ಕು ಮಿತಿಯಿಲ್ಲದೆ ಕೊಡಬಾರದು.

ಮೊದಲ ಊಹೆಯನ್ನೂ ಕೊನೆಗೆ ಪರೀಕ್ಷಿಸಿದ್ದಾಯಿತು. ಬೆಳಗಿನ ಜಾವ ಒಂದು ಲೀಟರ್ ಟ್ಯಾಂಕ್ ನೀರನ್ನು ಬಾಲ್ಕನಿಗೆ ಒಯ್ದು ಏರ್ ಪಂಪ್‌ನಿಂದ ಒಂದು ಗಂಟೆ ಗಾಳಿ ಬಿಟ್ಟರೆ ಪಿಎಚ್ 8.02ರಿಂದ 8.14ಕ್ಕೆ ಏರಿತು. ಕೋಣೆಯ ಗಾಳಿಯ ಪಾಲು ನಿಜವಾಗಿಯೂ ಇತ್ತು, ಆದರೆ ಅದು 0.12ರಷ್ಟು.

ಇದೇ ಲಕ್ಷಣ, ಬೇರೆ ಕಾರಣ

ರೀಡಿಂಗ್ ನಿಧಾನವಾಗಿ 7ರತ್ತ ಜಾರುತ್ತಿದ್ದರೆ ಪ್ರೋಬ್ ಸೇರುವ ಬಿಎನ್‌ಸಿ ಕನೆಕ್ಟರ್‌ನಲ್ಲಿ ತೇವ ಅಥವಾ ಉಪ್ಪು ಇರಬಹುದು. ಕನೆಕ್ಟರ್ ಒಣಗಿಸಿ ಎತ್ತರದಲ್ಲಿಡಿ. ಎರಡೂ ಬಫರ್‌ನಲ್ಲಿ 7ರ ಬಳಿಯೇ ನಿಂತರೆ ಗಾಜಿನ ಬುರುಡೆ ಬಿರುಕು ಬಿಟ್ಟಿದೆ, ಹೊಸದೇ ಗತಿ. ಕುಸಿತ ದೀಪದ ವೇಳೆಗೆ ಸರಿಯಾಗಿ ಬಂದುಹೋದರೆ ಎಲ್‌ಇಡಿ ಡ್ರೈವರ್ ನೋಡಿ, ಕರೆಂಟ್ ಹೋದಾಗ ಮಾತ್ರ ಬಂದರೆ ಇನ್ವರ್ಟರ್ ನೋಡಿ. ಉಷ್ಣತೆಯ ಸೆನ್ಸರ್‌ನೊಳಗೆ ನೀರು ನುಗ್ಗಿದರೆ ಅದು ನಿಜಕ್ಕಿಂತ ಬಿಸಿ ತೋರಿಸುತ್ತದೆ, ಹೀಟರ್ ಉರಿಯುವುದೇ ಇಲ್ಲ, ಟ್ಯಾಂಕ್ ತಣ್ಣಗಾಗುತ್ತದೆ. ಅದಕ್ಕೇ ಹತ್ತಿರ ಒಂದು ಸಾದಾ ಗಾಜಿನ ಥರ್ಮಾಮೀಟರ್ ಇರಬೇಕು.

ಆರ್‌ಸಿಸಿಬಿಯ ಟೆಸ್ಟ್ ಬಟನ್ ಅನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಟ್ಯಾಂಕ್ ಪೂರ್ತಿ ನಿಂತುಹೋಗದಂತೆ ಈಗ ಲೈನ್ ಎರಡಾಗಿ ಒಡೆದಿದೆ, ಎರಡಕ್ಕೂ ಬೇರೆ ಬೇರೆ ಆರ್‌ಸಿಸಿಬಿ: ಹೀಟರ್, ಸ್ಕಿಮ್ಮರ್ ಒಂದರಲ್ಲಿ, ರಿಟರ್ನ್ ಪಂಪ್ ಮತ್ತು ವೇವ್‌ಮೇಕರ್ ಇನ್ನೊಂದರಲ್ಲಿ. ರಾತ್ರಿ ಹೀಟರ್ ಸೋರಿ ಒಂದು ಬಿದ್ದರೂ ನೀರು ಹರಿಯುತ್ತಿರುತ್ತದೆ, ಮೀನಿಗೆ ಆಮ್ಲಜನಕ ಸಿಗುತ್ತದೆ. ಎಲ್ಲ ವೈರ್‌ಗಳೂ ಸಾಕೆಟ್‌ಗಿಂತ ಕೆಳಗೆ ಜೋಲಿ ಬಿದ್ದು ಮೇಲೆ ಹೋಗುವಂತೆ ಕಟ್ಟಿದ್ದಾರೆ, ವೈರ್ ಹಿಡಿದು ಇಳಿಯುವ ಉಪ್ಪುನೀರು ಆ ಜೋಲಿಯಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಕ್ಯಾಬಿನೆಟ್ ಬಾಗಿಲಿನ ಒಳಬದಿಗೆ ಚೀಟಿ ಅಂಟಿಸಿದೆ: ಒರೆಸುವ ಮೊದಲು ಚಪ್ಪಲಿ, ಕೈ ಜುಮ್ ಎಂದರೆ ಮೊದಲು ಎಲ್ಲ ಪ್ಲಗ್ ಕೀಳಿ, ಆಮೇಲೆ ಫೋನ್.